ಮನೆಯನ್ನು ಎಷ್ಟಕ್ಕೆ ಕೇಳಬೇಕು?

(ಬಳ್ಳಾರಿಯಲ್ಲಿ ಮನೆ ಕೊಳ್ಳಲು ಹೊರಟವರ ಮುಂದೆ ಆಡಿದ ಮಾತುಗಳ ಬರಹ ರೂಪ)

ಮನೆ ನೋಡಿ ಬಂದವರು ನನಗೆ ಫೋನ್ ಮಾಡಿದಾಗ ಮೊದಲು ಕೇಳುವುದು ಒಂದೇ ಮಾತು. "ಅರವತ್ತೆರಡು ಲಕ್ಷ ಹೇಳ್ತಿದ್ದಾರೆ ಸಾರ್, ನಾವು ಎಷ್ಟಕ್ಕೆ ಕೇಳೋಣ?" ಐವತ್ತೈದಕ್ಕೆ ಕೇಳಿದರೆ ನಡೆಯುತ್ತಾ, ಐವತ್ತೆಂಟು ಅಂದರೆ ಜಾಸ್ತಿ ಆಯ್ತಾ ಅಂತ. ಈ ಪ್ರಶ್ನೆಯನ್ನು ಸ್ವಲ್ಪ ನೋಡಿ. ಇದರಲ್ಲಿ ಇರುವುದು ಒಂದೇ ಅಂಕಿ, ಅದೂ ಮಾರುವವರದ್ದು. ನಿಮ್ಮದು ಒಂದೂ ಇಲ್ಲ. ಅವರು ಎಪ್ಪತ್ತು ಹೇಳಿದ್ದರೆ ನೀವು ಅರವತ್ತಮೂರಕ್ಕೆ ಕೇಳುತ್ತಿದ್ದಿರಿ, ಅಲ್ವಾ? ಮನೆ ಅದೇ, ಗೋಡೆ ಅದೇ, ಸೋರುವ ಮೂಲೆಯೂ ಅದೇ.

ನಾನು ಬ್ಯಾಂಕುಗಳಿಗೆ ಮನೆ, ಸೈಟುಗಳ ಬೆಲೆ ಕಟ್ಟಿ ವರದಿ ಕೊಡುವ ಎಂಜಿನಿಯರ್. ನಮ್ಮ ವರದಿಯಲ್ಲಿ ಮಾಲೀಕರು ಹೇಳಿದ ಬೆಲೆಯಿಂದ ಲೆಕ್ಕ ಶುರುವಾಗುವುದಿಲ್ಲ. ಜಾಗದಿಂದ ಶುರುವಾಗುತ್ತದೆ, ಆಮೇಲೆ ಕಟ್ಟಡ, ಆಮೇಲೆ ಅದರ ವಯಸ್ಸು. ಕೊಳ್ಳುವವರೂ ಹಾಗೇ ಒಂದು ಹಾಳೆಯ ಮೇಲೆ ಲೆಕ್ಕ ಹಾಕಿಕೊಂಡು ಹೋಗಬಹುದು. ಅದಕ್ಕೆ ಎಂಜಿನಿಯರಿಂಗ್ ಓದಬೇಕಾಗಿಲ್ಲ. ಗುಣಾಕಾರ ಬಂದರೆ ಸಾಕು.

ಲೆಕ್ಕಕ್ಕೆ ಹೋಗುವ ಮೊದಲು ನಮ್ಮ ಊರಿನ ಒಂದು ಕಾಯಿಲೆಯ ಬಗ್ಗೆ ಹೇಳಬೇಕು. ಬಳ್ಳಾರಿಯಲ್ಲಿ ಮಾರುವವರು ಹೇಳುವ ಬೆಲೆಯ ಹಿಂದೆ ಗಣಿ ಇದೆ. ಚೀನಾಕ್ಕೆ ಅದಿರು ಹೋಗುತ್ತಿದ್ದ ಕಾಲ ನಿಮಗೆ ನೆನಪಿದೆ. ಆ ವರ್ಷಗಳಲ್ಲಿ ಬೆಲೆ ಕೇಳಿ ಕೊಳ್ಳುವವರಿಗಿಂತ ಕೇಳದೆ ಕೊಳ್ಳುವವರೇ ಜಾಸ್ತಿ ಇದ್ದರು. 2011ರ ಜುಲೈ ಕೊನೆಯಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಲಾರಿ ನಿಂತವು, ಜೊತೆಗೆ ಸೈಟಿನ ವ್ಯಾಪಾರವೂ ನಿಂತಿತು. ಗಣಿ ಜೋರಾಗಿದ್ದ ದಿನಗಳಲ್ಲಿ ಏರಿದ ಬೆಲೆಗೆ ಕೊಂಡವರು ಇವತ್ತಿಗೂ ಇದ್ದಾರೆ. ಅವರು ನಿಮಗೆ ಹೇಳುವುದು ಮನೆಯ ಬೆಲೆ ಅಲ್ಲ, ತಾವು ಅಂದು ಕೊಟ್ಟ ದುಡ್ಡು, ಅದರ ಮೇಲೆ ಇಷ್ಟು ವರ್ಷದ ಬಡ್ಡಿ. ಅವರ ಸಂಕಟ ನಿಜವಾದದ್ದೇ. ಆದರೆ ಅದನ್ನು ತುಂಬಿಕೊಡುವ ಕೆಲಸ ನಿಮ್ಮದಲ್ಲ.

ಇದರ ತಮ್ಮ ಇನ್ನೊಬ್ಬನಿದ್ದಾನೆ: ಮುಂದೆ ಬರುವುದರ ಬೆಲೆ. "ವಿಮಾನ ನಿಲ್ದಾಣ ಬರ್ತದೆ ಸಾರ್, ಆಮೇಲೆ ಈ ರೇಟಿಗೆ ಸಿಗಲ್ಲ" ಅನ್ನುವ ಮಾತು. ಚಾಗನೂರು, ಸಿರಿವಾರದ ವಿಮಾನ ನಿಲ್ದಾಣದ ಮಾತು ಹತ್ತು ವರ್ಷಕ್ಕೂ ಹಳೆಯದು. ವರ್ತುಲ ರಸ್ತೆ, ಹೊಸ ಕಾಲೇಜು, ಹೊಸ ಕಾರ್ಖಾನೆ, ಎಲ್ಲ ಇದೇ ಜಾತಿ. ಬಂದಾಗ ಬೆಲೆ ಏರಲಿ, ಸಂತೋಷ. ಇವತ್ತು ಕೊಡುವ ದುಡ್ಡು ಇವತ್ತು ಇರುವುದಕ್ಕೆ ಮಾತ್ರ.

ಸರಿ, ಜಾಗದ ಬೆಲೆ ಎಲ್ಲಿ ಸಿಗುತ್ತದೆ? ಮೂರು ಕಡೆ ಸಿಗುತ್ತದೆ. ಮೂರೂ ಕಡೆ ಸಿಗುವುದು ಅರ್ಧ ಸತ್ಯ.

ಮೊದಲನೆಯದು ಸರ್ಕಾರದ ಮಾರ್ಗಸೂಚಿ ದರ, ನಾವು ಗೈಡೆನ್ಸ್ ವ್ಯಾಲ್ಯೂ ಅನ್ನುತ್ತೇವಲ್ಲ, ಅದು. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಬಡಾವಣೆ, ರಸ್ತೆವಾರು ನೋಡಬಹುದು. 2023ರ ಅಕ್ಟೋಬರ್ 1ರಿಂದ ರಾಜ್ಯದಲ್ಲಿ ಅದನ್ನು ಪರಿಷ್ಕರಿಸಿದರು. ಇದಕ್ಕಿಂತ ಕಡಿಮೆ ಬೆಲೆಗೆ ಮುದ್ರಾಂಕ ಶುಲ್ಕ ತೆಗೆದುಕೊಳ್ಳುವುದಿಲ್ಲ ಅನ್ನುವ ಗೆರೆ ಅದು, ಅಷ್ಟೇ. ಪೇಟೆ ಬೆಲೆ ಅಲ್ಲ. ಗಾಂಧಿನಗರದಂಥ ಕಡೆ ಪೇಟೆ ಬೆಲೆ ಅದಕ್ಕಿಂತ ಬಹಳ ಮೇಲೆ ಇರುತ್ತದೆ. ಊರಿನ ಹೊರಗೆ, ಜನ ಬರದ ಬಡಾವಣೆಗಳಲ್ಲಿ ಕೆಲವೊಮ್ಮೆ ಪೇಟೆ ಬೆಲೆಯೇ ಕೆಳಗೆ ಇರುವುದುಂಟು. ಅಂಥ ಕಡೆ ಹುಷಾರು. ನೀವು ಕಡಿಮೆಗೆ ಕೊಂಡರೂ ಶುಲ್ಕ ಮಾರ್ಗಸೂಚಿ ದರದ ಮೇಲೇ ಬೀಳುತ್ತದೆ. ವ್ಯತ್ಯಾಸ ಹತ್ತು ಪರ್ಸೆಂಟ್ ದಾಟಿದರೆ ಆದಾಯ ತೆರಿಗೆಯವರೂ ಲೆಕ್ಕ ಕೇಳುತ್ತಾರೆ, ಮಾರಿದವರನ್ನೂ ಕೊಂಡವರನ್ನೂ.

ಎರಡನೆಯದು ಅಕ್ಕಪಕ್ಕದ ಮನೆಗಳ ಕ್ರಯಪತ್ರ. ಅದರಲ್ಲಿ ಬರೆದ ಬೆಲೆ ಎಷ್ಟೋ ಸಲ ಕಡಿಮೆ ಇರುತ್ತದೆ, ಯಾಕೆ ಅಂತ ಇಲ್ಲಿ ಕೂತ ಎಲ್ಲರಿಗೂ ಗೊತ್ತು. ಮೂರನೆಯದು ಬಾಯಿಮಾತು. ಅದರಲ್ಲಿ ಬೆಲೆ ಯಾವಾಗಲೂ ಜಾಸ್ತಿ. ಮಾರಿದವರು ಹೆಚ್ಚಿಗೆ ಹೇಳುತ್ತಾರೆ, ಯಾಕೆಂದರೆ ಮರ್ಯಾದೆ. ಬ್ರೋಕರ್ ಹೆಚ್ಚಿಗೆ ಹೇಳುತ್ತಾರೆ, ಯಾಕೆಂದರೆ ಕಮಿಷನ್. ಸ್ವಲ್ಪ ನಿಜ ಹೇಳುವವರು ಒಂದೆರಡು ವರ್ಷದ ಕೆಳಗೆ ಅದೇ ರಸ್ತೆಯಲ್ಲಿ ಸಾಲ ಮಾಡಿ ಕೊಂಡವರು. ಅವರು ಎಲ್ಲ ಬ್ಯಾಂಕ್ ಮೂಲಕ ಕೊಟ್ಟಿರುತ್ತಾರೆ, ಮುಚ್ಚಿಡಲು ಏನೂ ಇರುವುದಿಲ್ಲ. ಅಂಥ ಮೂರು ಮನೆ ಹುಡುಕಿ. ಒಂದು ಮನೆ ನೋಡಿ ಬೆಲೆ ತೀರ್ಮಾನ ಮಾಡಬೇಡಿ. ಅಣ್ಣ ತಮ್ಮನಿಗೆ ಕೊಟ್ಟದ್ದಿರಬಹುದು, ಸಾಲದವರ ಕಾಟಕ್ಕೆ ಮಾರಿದ್ದಿರಬಹುದು.

ಇಲ್ಲಿ ಅಳತೆಯ ಬಗ್ಗೆ ಒಂದು ಮಾತು. ಬಳ್ಳಾರಿ 1953ರವರೆಗೆ ಮದ್ರಾಸ್ ಕಡೆ ಇತ್ತು, ಅದಕ್ಕೆ ನಮ್ಮಲ್ಲಿ ಇನ್ನೂ ಸೆಂಟ್ಸ್ ಲೆಕ್ಕ. ಕೊಪ್ಪಳ, ರಾಯಚೂರು ನಿಜಾಮರ ಕಡೆ ಇದ್ದವು, ಅಲ್ಲಿ ಗುಂಟೆ. ಒಂದು ಸೆಂಟ್ ಅಂದರೆ 435.6 ಚದರ ಅಡಿ, ಒಂದು ಗುಂಟೆ ಅಂದರೆ 1,089. ಕೊಪ್ಪಳದ ಭಾವ ಗುಂಟೆ ರೇಟು ಹೇಳುತ್ತಾರೆ, ಇಲ್ಲಿನ ಬ್ರೋಕರ್ ಸೆಂಟ್ಸ್ ರೇಟು ಹೇಳುತ್ತಾರೆ, ನಡುವೆ ನೀವು ಇದು ಅಗ್ಗ ಅಂದುಕೊಂಡು ಕೂರುತ್ತೀರಿ. ಎಲ್ಲವನ್ನೂ ಚದರ ಅಡಿಗೆ ತಂದು ಹೋಲಿಸಿ. ಮೂವತ್ತು ನಲವತ್ತರ ಸೈಟು 1,200 ಚದರ ಅಡಿ, ಅಂದರೆ ಎರಡೂ ಮುಕ್ಕಾಲು ಸೆಂಟ್ಸ್. ಹಾಗೇ ಟೇಪು ಹಿಡಿದು ಅಳೆಯಿರಿ. ಪತ್ರದಲ್ಲಿ ಮೂವತ್ತು ಇದ್ದು ನೆಲದ ಮೇಲೆ ಇಪ್ಪತ್ತೆಂಟೂವರೆ ಇರುವ ಸೈಟುಗಳು ಬೇಕಾದಷ್ಟಿವೆ.

ಈಗ ಆ ಅರವತ್ತೆರಡು ಲಕ್ಷದ ಮನೆಯನ್ನೇ ತೆಗೆದುಕೊಳ್ಳೋಣ. ಅಂಕಿಗಳು ಲೆಕ್ಕ ಕಲಿಯುವುದಕ್ಕೆ ಮಾತ್ರ, ಇದೇ ಬಳ್ಳಾರಿಯ ರೇಟು ಅಂತ ಬರೆದುಕೊಳ್ಳಬೇಡಿ. ಸೈಟು 1,200 ಚದರ ಅಡಿ. ಮೂರು ವ್ಯಾಪಾರ ವಿಚಾರಿಸಿದಿರಿ: ಒಂದು 3,000, ಒಂದು 3,200, ಒಂದು 3,500. ಮೂರನೆಯದು ಮೂಲೆ ಸೈಟು, ಅದಕ್ಕೇ ಜಾಸ್ತಿ. ನಿಮ್ಮದು ಮೂಲೆಯಲ್ಲ, 3,200 ಹಿಡಿಯಿರಿ. ಜಾಗಕ್ಕೆ 38 ಲಕ್ಷ 40 ಸಾವಿರ ಆಯಿತು.

ಕಟ್ಟಡ 900 ಚದರ ಅಡಿ, ಕಟ್ಟಿ 18 ವರ್ಷ. ಇವತ್ತು ಅಂಥದ್ದೇ ಹೊಸದಾಗಿ ಕಟ್ಟಲು ಅಡಿಗೆ 2,000 ಅಂದುಕೊಂಡರೆ 18 ಲಕ್ಷ. ಆದರೆ ಇದು ಹೊಸದಲ್ಲವಲ್ಲ. ಆರ್‌ಸಿಸಿ ಮನೆಗೆ ನಾವು ಸಾಮಾನ್ಯವಾಗಿ 60 ವರ್ಷ ಆಯುಷ್ಯ ಹಿಡಿಯುತ್ತೇವೆ. ಕೊನೆಗೆ ಕೆಡವಿದರೆ ಕಬ್ಬಿಣ, ಬಾಗಿಲು, ಕಲ್ಲು ಅಂತ ಹತ್ತು ಪರ್ಸೆಂಟ್ ಉಳಿಯುತ್ತದೆ. ಉಳಿದ ತೊಂಬತ್ತು ಪರ್ಸೆಂಟನ್ನು ಅರವತ್ತು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಒಂದೂವರೆ ಪರ್ಸೆಂಟ್ ಸವಕಳಿ. 18 ವರ್ಷಕ್ಕೆ 27 ಪರ್ಸೆಂಟ್. 18 ಲಕ್ಷದಲ್ಲಿ ಅದನ್ನು ಕಳೆದರೆ 13 ಲಕ್ಷ 14 ಸಾವಿರ. ಜಾಗ, ಕಟ್ಟಡ ಸೇರಿ 51 ಲಕ್ಷ 54 ಸಾವಿರ. ತಾರಸಿ ಸೋರುತ್ತಿದೆ, ವೈರಿಂಗ್ ಹಳೆಯದು, ಸಂಪ್ ಚಿಕ್ಕದು. ಮೇಸ್ತ್ರಿ ಕರೆಸಿ ಕೇಳಿದಿರಿ, ಎರಡೂವರೆ ಲಕ್ಷ ಅಂದರು. ಅದನ್ನೂ ಕಳೆದರೆ 49 ಲಕ್ಷ. ಇದು ಮನೆಯ ಬೆಲೆ. ಅರವತ್ತೆರಡು ಅಂದವರ ಎದುರು ಕೂತಾಗ ನಿಮ್ಮ ಜೇಬಿನಲ್ಲಿ ಇರಬೇಕಾದ ಅಂಕಿ ಇದು.

"ಇಟಾಲಿಯನ್ ಮಾರ್ಬಲ್ ಹಾಕಿಸಿದ್ದೀವಿ, ಮಾಡ್ಯುಲರ್ ಕಿಚನ್‌ಗೇ ನಾಲ್ಕು ಲಕ್ಷ ಆಯ್ತು" ಅನ್ನುತ್ತಾರೆ. ಆಗಿರಬಹುದು. ಅವರ ಇಷ್ಟಕ್ಕೆ ಮಾಡಿಸಿಕೊಂಡದ್ದಕ್ಕೆ ಮಾರುವಾಗ ಅರ್ಧವೂ ಬರುವುದಿಲ್ಲ. ಹಳೇ ಪೇಟೆಯ ಮನೆಗಳಲ್ಲಿ ಇದು ತಿರುಗುಮುರುಗು. ಬ್ರೂಸ್‌ಪೇಟೆ, ಕೌಲ್ ಬಜಾರ್ ಕಡೆ ಕಲ್ಲುಗೋಡೆ, ಚಪ್ಪಡಿ ಹಾಸಿನ ಮನೆಗೆ ಕಟ್ಟಡದ ಲೆಕ್ಕವೇ ಬರುವುದಿಲ್ಲ. ಜಾಗದ ಬೆಲೆ ಹಾಕಿ, ಕೆಡವಿ ಸಾಗಿಸುವ ಖರ್ಚು ಕಳೆಯಿರಿ. ತೇಗದ ಬಾಗಿಲು, ಕಂಬ ಚೆನ್ನಾಗಿದ್ದರೆ ಅದಕ್ಕಿಷ್ಟು ಸೇರಿಸಿ. ಅಪಾರ್ಟ್‌ಮೆಂಟಿಗೆ ಈ ಲೆಕ್ಕ ಪೂರ್ತಿ ಹೊಂದುವುದಿಲ್ಲ. ಅಲ್ಲಿ ಅದೇ ಕಟ್ಟಡದಲ್ಲಿ ಮಾರಾಟವಾದ ಇನ್ನೊಂದು ಫ್ಲ್ಯಾಟ್ ನೋಡಿ, ನೆಲದಲ್ಲಿ ನಿಮ್ಮ ಪಾಲು ಎಷ್ಟು ಅಂತ ಪತ್ರದಲ್ಲಿ ನೋಡಿ.

ರಿಪೇರಿ ಅಂದೆನಲ್ಲ, ಅದರಲ್ಲಿ ನಮ್ಮ ಸೀಮೆಯವರು ಮೊದಲು ನೋಡಬೇಕಾದದ್ದು ನೆಲ. ಗುಡ್ಡದ ಬುಡದ ಕಡೆ ಗಟ್ಟಿ ನೆಲ ಸಿಗುತ್ತದೆ. ಮೋಕಾ, ಸಿರುಗುಪ್ಪ ಕಡೆ ಹೋದಂತೆ ಎರೆ. ರಾಯಚೂರಿನಲ್ಲೂ ಎರೆ ಬೇಕಾದಷ್ಟಿದೆ. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರಿಯುತ್ತದೆ. ಪ್ರತಿ ವರ್ಷ ಪಾಯವನ್ನು ಎತ್ತಿ ಇಳಿಸುತ್ತಿರುತ್ತದೆ. ಪಾಯ ಆಳಕ್ಕೆ ಹೋಗಿದ್ದರೆ, ಮೇಲೆ ಪ್ಲಿಂತ್ ಬೀಮ್, ಅಂದರೆ ಕಾಂಕ್ರೀಟ್ ತೊಲೆ, ಹಾಕಿದ್ದರೆ ತಡೆದುಕೊಳ್ಳುತ್ತದೆ. ಇಲ್ಲವಾದರೆ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಶುರುವಾಗುತ್ತದೆ. ಸಿಮೆಂಟ್ ಪ್ಲಾಸ್ಟರಿನ ಮೇಲೆ ಕೂದಲೆಳೆಯ ಗೆರೆಗಳಿಗೆ ಹೆದರಬೇಡಿ, ಅವು ಎಲ್ಲ ಮನೆಯಲ್ಲೂ ಇರುತ್ತವೆ. ಓರೆ ಬಿರುಕಿಗೆ ನಾಣ್ಯದ ಅಂಚು ತೂರಿದರೆ, ಒಳಗಿನ ಬಿರುಕೇ ಹೊರಗಿನ ಗೋಡೆಯಲ್ಲೂ ಕಂಡರೆ, ಬಾಗಿಲು ಮಳೆಗಾಲದಲ್ಲಿ ಹಿಡಿಯುತ್ತದೆ ಅಂತ ಮನೆಯವರೇ ಅಂದರೆ, ಒಬ್ಬ ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆತನ್ನಿ. ಅವರ ಫೀಸು ಕೆಲವು ಸಾವಿರ. ಪಾಯ ಬಲಪಡಿಸುವುದು ಲಕ್ಷಗಳ ಕೆಲಸ. ಮಾರುವ ಮುಂಚೆ ಹೊಸದಾಗಿ ಪುಟ್ಟಿ, ಬಣ್ಣ ಹೊಡೆಸಿದ ಮನೆಯನ್ನು ಎರಡು ಸಲ ನೋಡಿ. ಮೆಟ್ಟಿಲ ಕೆಳಗೆ, ಬಚ್ಚಲ ಹಿಂದೆ, ಅಟ್ಟದ ಮೇಲೆ ಬಣ್ಣದವರು ಹೋಗಿರುವುದಿಲ್ಲ. ಗೋಡೆಯ ನಿಜ ಅಲ್ಲಿ ಕಾಣುತ್ತದೆ.

ನೀರಿನದು ನಿಮಗೆ ನಾನು ಹೇಳಬೇಕೇ? ತುಂಗಭದ್ರಾ ಕಾಲುವೆ ನೀರು ಅಲ್ಲೀಪುರ ಕೆರೆಗೆ ಬಂದು, ಅಲ್ಲಿಂದ ನಲ್ಲಿಗೆ ಬರುವ ಊರು ನಮ್ಮದು. ನಲ್ಲಿ ಎಷ್ಟು ದಿನಕ್ಕೆ ಬರುತ್ತದೆ ಅಂತ ಮಾಲೀಕರನ್ನು ಕೇಳಬೇಡಿ, ಎದುರು ಮನೆಯ ಅಮ್ಮನವರನ್ನು ಕೇಳಿ. ಸಂಪ್ ಎಷ್ಟು ಲೀಟರಿನದು, ಬೋರ್ ಇದ್ದರೆ ಬೇಸಿಗೆಯಲ್ಲಿ ಎಷ್ಟು ಹೊತ್ತು ಓಡುತ್ತದೆ, ನೀರು ಉಪ್ಪೋ ಸಿಹಿಯೋ. ರಾಯಚೂರು, ಕೊಪ್ಪಳದ ಕಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇರುವ ಊರುಗಳಿವೆ, ಅಲ್ಲಿ ನೀರು ಪರೀಕ್ಷೆ ಮಾಡಿಸದೆ ಮಾತಿಗೆ ಕೂರಬೇಡಿ. ಗಿಣಿಗೇರಾ ಕಡೆಯವರಿಗೆ ಕಾರ್ಖಾನೆ ದೂಳೂ ಸೇರಿ ಲೆಕ್ಕ. ಅಲ್ಲಿ ಮನೆ ನೋಡಲು ಹೋದಾಗ ತಾರಸಿ ಹತ್ತಿ, ನೀರಿನ ಟ್ಯಾಂಕಿನ ಮುಚ್ಚಳದ ಮೇಲೆ ಬೆರಳು ಆಡಿಸಿ ನೋಡಿ.

ದಿಕ್ಕಿನ ಮಾತೂ ಬರುತ್ತದೆ. ದಕ್ಷಿಣಕ್ಕೆ ಬಾಗಿಲಿರುವ ಮನೆ, ಎದುರಿಗೆ ನೇರ ರಸ್ತೆ ಬಂದು ನಿಲ್ಲುವ ಸೈಟು, ಇವಕ್ಕೆ ನಮ್ಮಲ್ಲಿ ಗಿರಾಕಿ ಕಡಿಮೆ. ನೀವು ವಾಸ್ತು ನಂಬುವವರಲ್ಲದಿದ್ದರೆ ಅಗ್ಗಕ್ಕೆ ಸಿಗುತ್ತದೆ, ಕೊಳ್ಳಿ. ಆದರೆ ನಾಳೆ ನೀವು ಮಾರುವಾಗಲೂ ಅಷ್ಟೇ ಅಗ್ಗಕ್ಕೆ ಮಾರಬೇಕು. ಆದ್ದರಿಂದ ನಿಮಗೆ ನಂಬಿಕೆ ಇಲ್ಲ ಅಂತ ಪೂರ್ತಿ ಬೆಲೆ ಕೊಡಬೇಡಿ.

ಇಲ್ಲಿಯವರೆಗೆ ಹೇಳಿದ್ದೆಲ್ಲ ದುಡ್ಡಿನಲ್ಲಿ ಅಳೆಯಬಹುದಾದ ದೋಷ. ಸೋರುವ ತಾರಸಿಗೆ ಒಂದು ಬೆಲೆ ಇದೆ. ಕಾಗದದ ದೋಷಕ್ಕೆ ಬೆಲೆ ಇಲ್ಲ. "ಅಕ್ಕನ ಸಹಿ ಒಂದು ಬಾಕಿ ಇದೆ, ಅದಕ್ಕೇ ಐದು ಲಕ್ಷ ಕಡಿಮೆ ಮಾಡಿ ಕೊಡ್ತೀವಿ" ಅಂದರೆ ಆ ಐದು ಲಕ್ಷವನ್ನು ಲಾಭ ಅಂದುಕೊಳ್ಳಬೇಡಿ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಹಕ್ಕು ಇದೆ ಅಂತ 2005ರ ತಿದ್ದುಪಡಿ ಹೇಳಿತು, 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನೂ ಸ್ಪಷ್ಟ ಮಾಡಿತು. ಅಕ್ಕ ಬಂದು ಸಹಿ ಹಾಕಿದರೆ ಪೂರ್ತಿ ಬೆಲೆ ಕೊಡಿ. ಹಾಕದಿದ್ದರೆ ಅರ್ಧ ಬೆಲೆಗೂ ಬೇಡ. ದಲಿತ ಕುಟುಂಬಕ್ಕೆ ಸರ್ಕಾರ ಮಂಜೂರು ಮಾಡಿದ ಜಮೀನಿನಲ್ಲಿ ಎದ್ದ ಬಡಾವಣೆಯಾದರೂ ಅಷ್ಟೇ. ಅಂಥ ಜಮೀನಿನ ಪರಭಾರೆ ತಡೆಯುವ 1978ರ ಕಾಯ್ದೆ ಇದೆ, 2023ರ ತಿದ್ದುಪಡಿ ಆದ ಮೇಲೆ ಹಳೇ ವ್ಯವಹಾರ ಅಂತ ತಪ್ಪಿಸಿಕೊಳ್ಳುವುದೂ ಸುಲಭವಲ್ಲ. ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆಸಿ, ಮೂಲ ಪತ್ರಗಳನ್ನು ವಕೀಲರಿಗೆ ತೋರಿಸಿ. ರಾಯಚೂರು, ಕೊಪ್ಪಳದ ಹಳೇ ಪತ್ರ ಉರ್ದುವಿನಲ್ಲಿ ಇದ್ದರೆ ಓದುವವರನ್ನು ಹುಡುಕಿ ಓದಿಸಿ. ಸುಮ್ನೆ ಫೈಲಿನಲ್ಲಿ ಇಟ್ಟುಕೊಳ್ಳಬೇಡಿ.

ಬಿ ಖಾತಾ, ಅಂದರೆ ಅನುಮೋದನೆ ಇಲ್ಲದ ಬಡಾವಣೆ, ಕಟ್ಟಡಗಳಿಗೆ ಕೊಡುವ ಖಾತಾ, ಇವೆರಡರ ನಡುವಿನದು. ನಗರದಲ್ಲಿ ಈಗ ಇ-ಖಾತಾ ಇಲ್ಲದೆ ನೋಂದಣಿ ಇಲ್ಲ. ಬಿ ಖಾತಾ ಮನೆ ನೋಂದಣಿ ಆದರೂ ಎಷ್ಟೋ ಬ್ಯಾಂಕುಗಳು ಸಾಲ ಕೊಡುವುದಿಲ್ಲ. ಸಾಲ ಸಿಗದ ಮನೆಗೆ ಮುಂದೆ ಕೊಳ್ಳುವವರು ಕೈಯಲ್ಲಿ ದುಡ್ಡು ಇದ್ದವರು ಮಾತ್ರ. ಬೆಲೆ ಹೇಳುವಾಗ ಅದನ್ನು ಮನಸ್ಸಿನಲ್ಲಿಡಿ. ಅದೇ ರಸ್ತೆಯ ಎ ಖಾತಾ ಮನೆಯ ರೇಟನ್ನು ಇದಕ್ಕೆ ಹಾಕಬೇಡಿ.

ಈಗ ಎರಡನೇ ಅಂಕಿ, ನಿಮ್ಮ ಮನೆಯ ಅಂಕಿ. ಮನೆಯ ಬೆಲೆ 49 ಅಂತ ಬಂತು. ನಿಮ್ಮ ಕೈಗೆ ಅದು ಎಟುಕುತ್ತದಾ? ವ್ಯಾಪಾರ 50 ಲಕ್ಷಕ್ಕೆ ಕುದುರಿತು ಅಂದುಕೊಳ್ಳಿ. ಮುದ್ರಾಂಕ ಶುಲ್ಕ 5 ಪರ್ಸೆಂಟ್, ಅದರ ಮೇಲೆ ಸೆಸ್, ಸರ್‌ಚಾರ್ಜ್ ಸೇರಿ ನಗರದಲ್ಲಿ 5.6. ನೋಂದಣಿ ಶುಲ್ಕ ಮೊದಲು 1 ಇತ್ತು, 2025ರ ಆಗಸ್ಟ್ ಕೊನೆಯಿಂದ 2 ಆಗಿದೆ. ಒಟ್ಟು 7.6 ಪರ್ಸೆಂಟ್, ಅಂದರೆ 3 ಲಕ್ಷ 80 ಸಾವಿರ. ಇದಕ್ಕೆ ಬ್ಯಾಂಕ್ ಸಾಲ ಬರುವುದಿಲ್ಲ. ಸಾಲದ ಮಿತಿಯ ಲೆಕ್ಕದಲ್ಲಿ ಈ ಶುಲ್ಕಗಳನ್ನು ಮನೆಯ ಬೆಲೆಗೆ ಸೇರಿಸಬಾರದು ಅಂತ ರಿಸರ್ವ್ ಬ್ಯಾಂಕಿನ ನಿಯಮ, ಹತ್ತು ಲಕ್ಷದೊಳಗಿನ ಮನೆಗಳಿಗೆ ಮಾತ್ರ ವಿನಾಯಿತಿ. ಸಾಲ 30 ಲಕ್ಷದವರೆಗೆ ಇದ್ದರೆ ಬೆಲೆಯ 90 ಪರ್ಸೆಂಟ್‌ವರೆಗೆ ಸಿಗಬಹುದು. 30ರಿಂದ 75 ಲಕ್ಷದ ಸಾಲಕ್ಕೆ 80 ಪರ್ಸೆಂಟ್.

ಆದರೆ ಯಾವ ಬೆಲೆಯ 80? ಇಲ್ಲೇ ತುಂಬಾ ಜನ ಸಿಕ್ಕಿಕೊಳ್ಳುವುದು. ನೀವು 50ಕ್ಕೆ ಒಪ್ಪಿದಿರಿ, ನನ್ನಂಥವರು ಬಂದು 47 ಅಂತ ವರದಿ ಕೊಟ್ಟರು. ಬ್ಯಾಂಕ್ ಎರಡರಲ್ಲಿ ಕಡಿಮೆಯದನ್ನು ಹಿಡಿಯುತ್ತದೆ. 47ರ 80 ಪರ್ಸೆಂಟ್ ಅಂದರೆ 37 ಲಕ್ಷ 60 ಸಾವಿರ ಸಾಲ. ಉಳಿದ 12 ಲಕ್ಷ 40 ಸಾವಿರ ನಿಮ್ಮದು, ಶುಲ್ಕ 3 ಲಕ್ಷ 80 ಸಾವಿರ ನಿಮ್ಮದು, ಬ್ರೋಕರಿಗೆ ಒಂದು ಪರ್ಸೆಂಟ್ ಅಂದರೂ 50 ಸಾವಿರ, ರಿಪೇರಿ ಎರಡೂವರೆ ಲಕ್ಷ. ಎಲ್ಲ ಸೇರಿ ಕೈಯಿಂದ 19 ಲಕ್ಷ 20 ಸಾವಿರ. ಎಂಟೂವರೆ ಪರ್ಸೆಂಟ್ ಬಡ್ಡಿ, ಇಪ್ಪತ್ತು ವರ್ಷ ಅಂದರೆ ಲಕ್ಷಕ್ಕೆ ಸುಮಾರು 868 ರೂಪಾಯಿ ಕಂತು. ತಿಂಗಳಿಗೆ 32,600. ಈ ಎರಡು ಅಂಕಿ ನಿಮ್ಮಿಂದ ಆಗುತ್ತದಾ ಅಂತ ಗಂಡ ಹೆಂಡತಿ ಕೂತು ಮಾತಾಡಿ, ಆಮೇಲೆ ನಿಮ್ಮ ಮೇಲಿನ ಮಿತಿ ಬರೆದುಕೊಳ್ಳಿ. ಮಾರುವವರ ಪಡಸಾಲೆಯಲ್ಲಿ ಕೂತು ಚಹಾ ಕುಡಿಯುತ್ತಾ ಮಿತಿ ತೀರ್ಮಾನ ಮಾಡಿದರೆ ಅದು ಖಂಡಿತ ಏರುತ್ತದೆ.

50 ಲಕ್ಷದ ಗೆರೆಯ ಬಗ್ಗೆ ಇನ್ನೊಂದು. ಬೆಲೆ 50 ಲಕ್ಷ ಅಥವಾ ಮೇಲೆ ಇದ್ದರೆ ಕೊಳ್ಳುವವರೇ ಒಂದು ಪರ್ಸೆಂಟ್ ಟಿಡಿಎಸ್ (ಮೂಲದಲ್ಲೇ ಕಳೆಯುವ ತೆರಿಗೆ) ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ಅದು ಹೆಚ್ಚುವರಿ ಖರ್ಚಲ್ಲ, ಮಾರುವವರಿಗೆ ಕೊಡುವುದರಲ್ಲೇ ಕಳೆಯುವುದು. ಆದರೆ ಮುಂಚೆಯೇ ಹೇಳಿ. ರಿಜಿಸ್ಟ್ರಿ ದಿನ ಹೇಳಿದರೆ ಜಗಳ.

"ಅರ್ಧ ಕ್ಯಾಶ್ ಕೊಟ್ಟರೆ ಮೂರು ಲಕ್ಷ ಬಿಡ್ತೀವಿ" ಅನ್ನುತ್ತಾರಲ್ಲ, ಅದರ ಲೆಕ್ಕವನ್ನೂ ಮಾಡಿ. ಆಸ್ತಿ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕಿಂತ ಜಾಸ್ತಿ ನಗದು ತೆಗೆದುಕೊಳ್ಳುವಂತಿಲ್ಲ, ತೆಗೆದುಕೊಂಡವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಅದು ಅವರ ತೊಂದರೆ ಅಂದುಕೊಳ್ಳಬೇಡಿ. ಪತ್ರದಲ್ಲಿ ಬೆಲೆ ಕಡಿಮೆಯಾದರೆ ನಿಮ್ಮ ಸಾಲವೂ ಕಡಿಮೆ. ನಾಳೆ ನೀವು ಪೂರ್ತಿ ಬಿಳಿ ಹಣಕ್ಕೆ ಮಾರಿದರೆ ಲಾಭ ದೊಡ್ಡದಾಗಿ ಕಂಡು ತೆರಿಗೆ ನಿಮ್ಮ ತಲೆಗೆ. ವ್ಯವಹಾರ ಮುರಿದರೆ ಕೊಟ್ಟ ನಗದಿಗೆ ಸಾಕ್ಷಿಯೂ ಇಲ್ಲ. ಆ ಮೂರು ಲಕ್ಷ ಎಲ್ಲಿ ಹೋಯಿತು ಅಂತ ನೀವೇ ಹುಡುಕಬೇಕು.

ಎರಡೂ ಅಂಕಿ ಸಿಕ್ಕವು. ಮನೆಯ ಬೆಲೆ 49, ನಿಮ್ಮ ಮಿತಿ 50. ಈಗ ಎಷ್ಟಕ್ಕೆ ಕೇಳುವುದು? ನಾನಾದರೆ 45ಕ್ಕೆ ಕೇಳುತ್ತೇನೆ. 35ಕ್ಕೆ ಕೇಳುವ ಧೈರ್ಯಶಾಲಿಗಳೂ ಇದ್ದಾರೆ. ನಮ್ಮ ಕಡೆ ಮನೆ ಅಂದರೆ ಮಾನ. ತೀರಾ ಕಡಿಮೆಗೆ ಕೇಳಿದರೆ ಮನೆ ಯಜಮಾನರು ಚಹಾ ಕೊಟ್ಟು ನಗುತ್ತಲೇ ಕಳಿಸುತ್ತಾರೆ, ಆಮೇಲೆ ಫೋನ್ ಎತ್ತುವುದಿಲ್ಲ. ಅಂಕಿಯ ಜೊತೆ ಕಾರಣ ಕೊಡಿ. "ತಾರಸಿಗೆ, ವೈರಿಂಗಿಗೆ ಮೇಸ್ತ್ರಿ ಇಷ್ಟು ಹೇಳಿದ್ದಾರೆ ಅಣ್ಣಾ, ಪಕ್ಕದ ರಸ್ತೆಯಲ್ಲಿ ಜಾಗ ಈ ರೇಟಿಗೆ ಹೋಗಿದೆ" ಅನ್ನಿ. ಮನೆಯನ್ನು ಹಳಿಯಬೇಡಿ. ಅವರ ಮಕ್ಕಳು ಹುಟ್ಟಿ ಬೆಳೆದ ಮನೆ ಅದು. ಆಮೇಲೆ ಏರುವಾಗ ಹೆಜ್ಜೆ ಸಣ್ಣದಾಗುತ್ತಾ ಹೋಗಲಿ: 45, 47, 48, 48 ಮುಕ್ಕಾಲು. ಎರಡೆರಡು ಲಕ್ಷ ಏರುತ್ತಿದ್ದರೆ ಇನ್ನೂ ಇದೆ ಅಂತ ಅವರಿಗೆ ಗೊತ್ತಾಗುತ್ತದೆ.

ಅವರಿಗೆ ಎಷ್ಟು ಅವಸರ ಇದೆ ಅನ್ನುವುದನ್ನೂ ತಿಳಿದುಕೊಳ್ಳಿ. ಇದಕ್ಕೆ ಒಂದು ಸುಲಭ ದಾರಿ ಜೆಸ್ಕಾಂ ಕರೆಂಟ್ ಬಿಲ್ಲು. ಬಾಕಿ ಇದೆಯಾ ನೋಡಬೇಕು ಅಂತ ಹಿಂದಿನ ಕೆಲವು ತಿಂಗಳ ಬಿಲ್ಲು ಕೇಳಿ. ಯೂನಿಟ್ ಹತ್ತಿರಹತ್ತಿರ ಸೊನ್ನೆ ಇದ್ದರೆ ಮನೆ ಖಾಲಿ ಬಿದ್ದಿದೆ. ಮಾಲೀಕರು ಬೆಂಗಳೂರಿಗೋ ಹೈದರಾಬಾದಿಗೋ ಹೋಗಿ ಕೂತಿದ್ದಾರೆ, ಬಾಡಿಗೆಯೂ ಬರುತ್ತಿಲ್ಲ. ಅಂಥವರು ತಿಂಗಳು ಕಳೆದಂತೆ ಇಳಿಯುತ್ತಾರೆ. ಅದೇ ಮನೆಯಲ್ಲಿ ವಾಸ ಇರುವವರಾದರೆ ಅವರಿಗೆ ದುಡ್ಡಿಗಿಂತ ಸಮಯ ಬೇಕಾಗಿರುತ್ತದೆ. ಮಗಳ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಯಬೇಕು, ಹೊಸ ಮನೆಯ ಗೃಹಪ್ರವೇಶ ಆಗಬೇಕು. "ಏಪ್ರಿಲ್‌ವರೆಗೆ ಇರಿ, ಬಾಡಿಗೆ ಬೇಡ" ಅಂದ ಒಂದು ಮಾತಿಗೆ ಒಂದು ಲಕ್ಷ ಇಳಿದದ್ದನ್ನು ನಾನು ನೋಡಿದ್ದೇನೆ. ಆದರೆ ಖಾಲಿ ಮಾಡುವ ದಿನವನ್ನು ಕರಾರಿನಲ್ಲಿ ಬರೆಸಿ.

ಕಾಲವೂ ಲೆಕ್ಕಕ್ಕೆ ಬರುತ್ತದೆ. ಆಷಾಢದಲ್ಲಿ, ಪಿತೃಪಕ್ಷದಲ್ಲಿ ಕೊಳ್ಳುವವರು ಕಡಿಮೆ, ಮಾತು ಮೆತ್ತಗಿರುತ್ತದೆ. ಕುರುಗೋಡು, ಸಿರುಗುಪ್ಪ ಕಡೆಯ ಮೆಣಸಿನಕಾಯಿಗೆ ಬ್ಯಾಡಗಿಯಲ್ಲಿ ರೇಟು ಬಂದ ವರ್ಷ ಬೇಸಿಗೆಯಲ್ಲಿ ಬಳ್ಳಾರಿಗೆ ಮನೆ ಕೇಳಿಕೊಂಡು ಬರುವ ರೈತರು ಜಾಸ್ತಿ. 2024ರ ಮಾರ್ಚಿನಲ್ಲಿ ರೇಟು ಬಿದ್ದು ಬ್ಯಾಡಗಿ ಮಾರುಕಟ್ಟೆಯಲ್ಲಿ ವಾಹನಗಳಿಗೆ ಬೆಂಕಿ ಬಿತ್ತಲ್ಲ, ಅಂಥ ವರ್ಷ ನಿಮ್ಮ ಜೊತೆ ಪೈಪೋಟಿಗೆ ಬರುವವರು ಕಡಿಮೆ. ಇನ್ನೊಬ್ಬರ ನಷ್ಟ ಕಾಯಿರಿ ಅಂತ ಹೇಳುತ್ತಿಲ್ಲ. ಪೇಟೆಯಲ್ಲಿ ದುಡ್ಡು ಓಡಾಡುತ್ತಿದೆಯಾ ಇಲ್ಲವಾ ನೋಡಿಕೊಂಡು ಮಾತಿಗೆ ಇಳಿಯಿರಿ ಅಂತ.

"ಸಾರ್, ಇನ್ನೊಂದು ಪಾರ್ಟಿ ಇದೆ, ನಾಳೆ ಬೆಳಿಗ್ಗೆ ಅಡ್ವಾನ್ಸ್ ತರ್ತಾರೆ." ಈ ನಾಳೆ ಬೆಳಿಗ್ಗೆಯ ಪಾರ್ಟಿ ಒಮ್ಮೊಮ್ಮೆ ನಿಜಕ್ಕೂ ಇರುತ್ತದೆ. ಇದ್ದರೂ ಇಲ್ಲದಿದ್ದರೂ ನಿಮ್ಮ ಉತ್ತರ ಒಂದೇ: ನಮ್ಮ ಬೆಲೆ ಇಷ್ಟು, ಈ ಭಾನುವಾರದವರೆಗೆ ಇದೇ ಮಾತು, ನಮ್ಮ ನಂಬರ್ ಇಟ್ಟುಕೊಂಡಿರಿ. ಮುಂಗಡ ಕೊಡುವುದಾದರೆ ಸಣ್ಣದು ಕೊಡಿ, ಬ್ಯಾಂಕ್ ಮೂಲಕ ಕೊಡಿ. ವಕೀಲರು ಪತ್ರ ಸರಿಯಿಲ್ಲ ಅಂದರೆ ಅಥವಾ ಸಾಲ ಮಂಜೂರಾಗದಿದ್ದರೆ ಮುಂಗಡ ವಾಪಸ್ ಅಂತ ಬರೆಸಿಕೊಳ್ಳಿ. ಈ ಒಂದು ಸಾಲಿಗೆ ಒಪ್ಪದವರ ಹತ್ತಿರ ಮುಂದಕ್ಕೆ ಹೋಗಬೇಡಿ.

ಹಿಂದಿನ ಸಾಲಿನಿಂದ ಒಬ್ಬರು ಬ್ಯಾಂಕ್ ಹರಾಜಿನ ಮನೆ ಬಗ್ಗೆ ಕೇಳಿದರು, ಅಗ್ಗಕ್ಕೆ ಸಿಗುತ್ತವಂತಲ್ಲ ಅಂತ. ಸಿಗಬಹುದು. ಲೆಕ್ಕ ಇದೇ. ಬ್ಯಾಂಕ್ ಇಟ್ಟ ಮೀಸಲು ಬೆಲೆಯೂ ಮಾರುವವರ ಅಂಕಿಯೇ, ಅದರಿಂದ ಶುರು ಮಾಡಬೇಡಿ. ನಿಮ್ಮ 49 ಬಂದ ಮೇಲೆ ಕೆಲವನ್ನು ಕಳೆಯಬೇಕು. ಹರಾಜಿನ ಮನೆಯನ್ನು ಇದ್ದದ್ದು ಇದ್ದ ಹಾಗೆ ಮಾರುತ್ತಾರೆ, ಎಷ್ಟೋ ಸಲ ಒಳಗೆ ಹೋಗಿ ನೋಡಲೂ ಆಗಿರುವುದಿಲ್ಲ. ಮನೆ ತೆರಿಗೆ, ಕರೆಂಟ್ ಬಾಕಿ ನಿಮ್ಮ ಮೇಲೆ ಬರಬಹುದು. ಪ್ರಕಟಣೆಯಲ್ಲಿ ಬ್ಯಾಂಕಿನ ಸ್ವಾಧೀನ ಭೌತಿಕವೋ ಸಾಂಕೇತಿಕವೋ ಅಂತ ಓದಿ. ಸಾಂಕೇತಿಕ ಅಂದರೆ ಒಳಗೆ ಇನ್ನೂ ಜನ ಇದ್ದಾರೆ ಅಂತಲೇ ತಿಳಿಯಿರಿ. ಅವರು ಬಿಡುವುದು ಯಾವಾಗಲೋ, ಕೋರ್ಟಿಗೆ ಹೋಗುತ್ತಾರೋ. ಆ ತಿಂಗಳುಗಳ ನಿಮ್ಮ ಬಾಡಿಗೆಯನ್ನೂ ಕಂತನ್ನೂ ಬೆಲೆಯಿಂದ ಕಳೆಯಿರಿ. ಗೆದ್ದ ದಿನ ಅಥವಾ ಮುಂದಿನ ಕೆಲಸದ ದಿನದೊಳಗೆ ನಾಲ್ಕನೇ ಒಂದು ಭಾಗ, ಹರಾಜು ಖಚಿತವಾದ ಮೇಲೆ 15 ದಿನದಲ್ಲಿ ಉಳಿದದ್ದು ಕಟ್ಟಬೇಕು. ಬ್ಯಾಂಕ್ ಬರವಣಿಗೆಯಲ್ಲಿ ಸಮಯ ಕೊಟ್ಟರೆ ಬೇರೆ ಮಾತು, ಇಲ್ಲವಾದರೆ ಕಟ್ಟಿದ್ದು ಹೋಗುತ್ತದೆ. ಹದಿನೈದು ದಿನದಲ್ಲಿ ಮನೆ ಸಾಲ ಕೈಗೆ ಬರುವುದು ಕಷ್ಟ. ಅದಕ್ಕೇ ಹರಾಜಿಗೆ ಹೆಸರು ಕೊಡುವ ಮೊದಲೇ ನಿಮ್ಮ ಬ್ಯಾಂಕ್ ಮ್ಯಾನೇಜರ ಹತ್ತಿರ ಹೋಗಿ, ಆ ಆಸ್ತಿಯ ಪ್ರಕಟಣೆಯ ಪ್ರತಿ ಕೊಟ್ಟು, ಇದಕ್ಕೆ ಸಾಲ ಕೊಡುತ್ತೀರಾ, ಎಷ್ಟು ದಿನದಲ್ಲಿ ಕೊಡುತ್ತೀರಾ ಅಂತ ಕೇಳಿ.